ಜೆಟ್ಟಿಗಳ ಸಾಮು ಮತ್ತು ತ್ರಾಣ: ವಜ್ರಮುಷ್ಟಿ ಕಾಳಗದ ಕೆಲವು ಕೊರತೆಗಳ ವಿಚಾರ

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಒಳತೊಟ್ಟಿಯಲ್ಲಿ ಜೆಟ್ಟಿಗಳ ಎರಡು ಜೋಡಿಗಳು ಕಾಳಗಕ್ಕೆ ನಿಲ್ಲುವುದು ಇಂದಿಗೂ ನಡೆದು ಬಂದಿರುವ ಸಂಪ್ರದಾಯ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು, ಬಲಗೈಗೆ ವಜ್ರಮುಷ್ಟಿ ಎಂಬ ಮೊನೆಯುಳ್ಳ ಆಯುಧವನ್ನು ತೊಟ್ಟು, ಮಣ್ಣಿನ ಕಣದಲ್ಲಿ ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ನಡುವಣವರು ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಅನಂತರ ಅರಮನೆಯವರ ಬನ್ನಿಪೂಜೆಯ ಮೆರವಣಿಗೆ ಹೊರಡುತ್ತದೆ. ಇಷ್ಟೂ ಸಾಮಾನ್ಯವಾಗಿ ಒಂದು ನಿಮಿಷದೊಳಗಿನ ಕೆಲಸ.

ಕಳಸದಲ್ಲಿ ವಿದ್ಯಾರ್ಥಿಗಳ ಮುಂದೆ ಮಹಾನವಮಿಯ ಇತಿಹಾಸವನ್ನು ಕುರಿತು ಮಾತನಾಡುತ್ತಿದ್ದಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಒಂದು ನಿಮಿಷದ ಕಾಳಗಕ್ಕೆ ಹುಟ್ಟಿನಿಂದ ಸಾಮು ಮಾಡಬೇಕೆ?” ಎಂದು ಅವನು ಕೇಳಿದ. ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಜೆಟ್ಟಿಗಳನ್ನು ಕುರಿತು ನಮ್ಮಲ್ಲಿ ಬರೆದವರು ಎರಡು ಬಗೆ. ಒಬ್ಬರು ಅವರ ಶೌರ್ಯವನ್ನು ಕೊಂಡಾಡಿ ಸುಮ್ಮನಾಗುತ್ತಾರೆ; ಇನ್ನೊಬ್ಬರು ಕ್ರೌರ್ಯವೆಂದು ಮೂಗು ಮುರಿದು ಸುಮ್ಮನಾಗುತ್ತಾರೆ. ಇವರು ವೃತ್ತಿಯ ಮುಷ್ಟಿಮಲ್ಲರಾಗಿದ್ದರು. ಆ ವೃತ್ತಿಗೆ ಒಂದು ಶಿಕ್ಷಣಕ್ರಮ, ಒಂದು ಆಹಾರಕ್ರಮ, ಒಂದು ನಿಯಮಾವಳಿ ಇದ್ದಿತು. ಎಲ್ಲ ವೃತ್ತಿಗಳಿಗೂ ಇರುವಂತೆ ಅದಕ್ಕೂ ಅದರದೇ ಕೊರತೆಗಳಿದ್ದುವು. ಈ ದೃಷ್ಟಿಯಿಂದ ಆಧಾರಗಳನ್ನು ಮತ್ತೊಮ್ಮೆ ಓದುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ‘ಜೆಟ್ಟಿ’ ಎಂಬುದು ‘ಜ್ಯೇಷ್ಠಿ’ ಎಂಬುದರ ತದ್ಭವ. ಮೇಲ್ತರದ ಮಲ್ಲನನ್ನು ಜ್ಯೇಷ್ಠಿಕನೆಂದು ಕರೆಯುವ ವಾಡಿಕೆ ಮಲ್ಲಶಾಸ್ತ್ರದ ಗ್ರಂಥಗಳಲ್ಲಿ ಕಾಣುತ್ತದೆ. ಗುಜರಾತಿನ ಮೊಢೇರದ ಕಡೆಯ ಮಲ್ಲವೃತ್ತಿಯ ಬ್ರಾಹ್ಮಣರು ತಮ್ಮನ್ನು ಜ್ಯೇಷ್ಠಿಮಲ್ಲರೆಂದು ಕರೆದುಕೊಂಡರು. ಅವರ ಕುಲಪುರಾಣವಾದ ಮಲ್ಲಪುರಾಣವನ್ನು ಸಾಂಡೇಸರಾ ಮತ್ತು ಮೆಹ್ತಾ ಅವರು ಸಂಪಾದಿಸಿ 1964ರಲ್ಲಿ ಬರೋಡದಿಂದ ಪ್ರಕಟಿಸಿದರು. ಅದರ ಹಸ್ತಪ್ರತಿ 17ನೆಯ ಶತಮಾನದ್ದು. ಒಳಗಿನ ಸಾಮಗ್ರಿ ಅದಕ್ಕೂ ಹಳೆಯದು. ಇನ್ನು ಸಾಮು. ಮಲ್ಲಶಾಸ್ತ್ರದ ಗ್ರಂಥಗಳೆಲ್ಲ ಅಭ್ಯಾಸಕ್ಕೆ ‘ಶ್ರಮ’ ಎಂಬ ಮಾತನ್ನೇ ಬಳಸುತ್ತವೆ. ನಮ್ಮ ಗರಡಿಗಳ ‘ಸಾಮು’ ಈ ಶ್ರಮದ ರೂಪಾಂತರವೇ ಎಂದು ನಾನು ಬಗೆಯುತ್ತೇನೆ. ಶ್ರಮವೆಂದರೆ ಬರಿಯ ದಣಿವಲ್ಲ, ದಣಿವನ್ನು ಗೆಲ್ಲುವ ಅಭ್ಯಾಸ ಎಂಬ ಅರ್ಥ ಆ ಮಾತಿನಲ್ಲಿಯೇ ಅಡಗಿದೆ.

ಕರ್ನಾಟಕದ ಮಟ್ಟಿಗೆ ಮಲ್ಲರ ಶಿಕ್ಷಣವನ್ನು ಕ್ರಮವಾಗಿ ಹೇಳುವ ಹಳೆಯ ಗ್ರಂಥ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳಿವೆ. ವಿನೋದಗಳನ್ನು ಹೇಳುವ ಭಾಗದಲ್ಲಿ ಮಲ್ಲವಿನೋದವೂ ಸೇರಿದೆ. ವಯಸ್ಸು, ಮೈಕಟ್ಟು, ಬಲ ಇವುಗಳನ್ನು ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಬೇಕು. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮ ಭಕ್ಷ್ಯಗಳನ್ನು ಅರಸನೇ ಒದಗಿಸಬೇಕು. ಅಂತಃಪುರದ ಸ್ತ್ರೀಯರಿಂದ ಅವರನ್ನು ದೂರವಿಟ್ಟು ಸಾಕಬೇಕು. ದಿನದಿನವೂ ಗೊತ್ತಾದ ಅಭ್ಯಾಸಗಳನ್ನು ಮಾಡಿಸಬೇಕು. ಇದು ಆ ಪ್ರಕರಣದ ಸಾರ. ಅಭ್ಯಾಸಗಳಲ್ಲಿ ಭಾರವೆತ್ತುವುದು, ನಡೆದಾಡುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಹೆಣೆದು ತಿರುಚುವುದು, ಕಂಬವನ್ನು ಹಿಡಿದು ಮಾಡುವ ಸಾಮು ಇವು ಮುಖ್ಯ. ಕೊನೆಯದು ಸ್ತಂಭಶ್ರಮ, ಇಂದಿನ ಮಲ್ಲಕಂಬದ ಮೂಲವನ್ನು ಇದರಲ್ಲಿ ಕಾಣಬಹುದು. ಪಟ್ಟುಗಳ ಹೆಸರುಗಳನ್ನು ಸೋಮೇಶ್ವರ ಕೊಡುತ್ತಾನೆ, ಅವುಗಳನ್ನು ವಿವರಿಸುವುದಿಲ್ಲ. ಪಟ್ಟು ಗುರುವಿನ ಕೈಯಿಂದ ಬರಬೇಕೇ ಹೊರತು ಓಲೆಯಿಂದಲ್ಲ ಎಂಬ ನಂಬಿಕೆ ಅಲ್ಲಿರಬಹುದು.

ಈ ಪಟ್ಟಿಯಲ್ಲಿ ನನ್ನ ಗಮನವನ್ನು ಸೆಳೆದದ್ದು ಭ್ರಮಣಶ್ರಮ, ಅಂದರೆ ನಡಿಗೆ ಮತ್ತು ಓಟ. ಬಲಕ್ಕೆ ಭಾರ ಸಾಕು, ನಡಿಗೆ ಉಸಿರಿಗಾಗಿ. ಮಲ್ಲಪುರಾಣ ಇನ್ನೂ ಮುಂದೆ ಹೋಗಿ ಮೆಟ್ಟಿಲು ಹತ್ತುವ ಸೋಪಾನಾರೋಹಣವನ್ನೂ ಊಟವಾದ ಮೇಲಣ ನಡಿಗೆಯನ್ನೂ ಉಸಿರಿನ ಅಭ್ಯಾಸವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ನಮ್ಮ ಕಳಸದ ಕಡೆಯವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯಿಂದ ಬಂದ ಬಲಶಾಲಿಗಳು ಇಲ್ಲಿಯ ತೋಟದ ಏರುಗಳಲ್ಲಿ ನೂರು ಹೆಜ್ಜೆಗೆ ನಿಂತುಬಿಡುತ್ತಾರೆ. ಕಾಫಿಯ ಮೂಟೆ ಹೊತ್ತ ಬಡಕಲು ಆಳು ಅವರನ್ನು ದಾಟಿ ಮೇಲೆ ಹೋಗುತ್ತಾನೆ. ತೋಳಿನ ಬಲ ಬೇರೆ, ತ್ರಾಣ ಬೇರೆ ಎಂಬುದನ್ನು ಆ ಹಳೆಯ ಮಲ್ಲಶಾಸ್ತ್ರಕಾರರು ಸ್ಪಷ್ಟವಾಗಿ ತಿಳಿದಿದ್ದರು.

ಮಲ್ಲಪುರಾಣದ ಪಟ್ಟಿಯಲ್ಲಿ ಊಹಾಪೋಹಶ್ರಮವೆಂಬ ಇನ್ನೊಂದು ಸಾಮೂ ಇದೆ. ಎದುರಾಳಿಯ ಪಟ್ಟಿಗೆ ಪ್ರತಿಪಟ್ಟು ಯಾವುದು, ಅವನು ಹೀಗೆ ಬಂದರೆ ಹೇಗೆ ತಪ್ಪಿಸಬೇಕು ಎಂದು ಕೂತು ಚರ್ಚಿಸುವುದನ್ನೂ ಒಂದು ಶ್ರಮವೆಂದೇ ಎಣಿಸಿದ್ದಾರೆ. ಮಲ್ಲರೆಂದರೆ ಮಂದಬುದ್ಧಿಗಳೆಂದು ನಗುವವರು ಇದನ್ನು ಗಮನಿಸಬೇಕು.

ಆದರೆ ಈ ಎರಡೂ ಗ್ರಂಥಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಅಭಾವವೂ ಕಣ್ಣಿಗೆ ಬೀಳುತ್ತದೆ. ಹಿಡಿತಕ್ಕೆ, ಎತ್ತುವುದಕ್ಕೆ, ತಿರುಚುವುದಕ್ಕೆ, ಉಸಿರಿಗೆ ಸಂಬಂಧಿಸಿದ ಸಾಮುಗಳೇ ಎಲ್ಲ. ಹೊಡೆತವನ್ನು ತಪ್ಪಿಸಿಕೊಳ್ಳುವುದಕ್ಕೆ ಪ್ರತ್ಯೇಕವಾದ ಶ್ರಮವಿಲ್ಲ. ಮಲ್ಲನ ಶಿಕ್ಷಣ ಮೂಲತಃ ಕುಸ್ತಿಯ ಶಿಕ್ಷಣ. ವಜ್ರಮುಷ್ಟಿ ತೊಟ್ಟ ಜೆಟ್ಟಿ ಎಂದರೆ ಕೈಗೆ ಆಯುಧ ಕಟ್ಟಿದ ಕುಸ್ತಿಯಾಳು. ಅವನು ಹುಟ್ಟು ಹೊಡೆತಗಾರನಲ್ಲ. ಮುಂದೆ ಹೇಳಲಿರುವ ಕೊರತೆಗಳಿಗೆ ಬಹುಮಟ್ಟಿಗೆ ಇದೇ ಬೀಜ.

ಕಳಸದ ಪ್ರಸ್ತಾಪ ಬಂದದ್ದರಿಂದ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಕಳಸ-ಕಾರ್ಕಳದ ಅರಸರು ತಮ್ಮನ್ನು ಹೊಂಬುಜದ ಸಾಂತರರ ವಂಶದವರೆಂದು ಹೇಳಿಕೊಂಡರು. ಸಾಂತಳಿಗೆ ಸಾಸಿರವನ್ನಾಳಿದ ಸಾಂತರರಾದರೋ ಸೋಮೇಶ್ವರನ ಮನೆತನವಾದ ಕಲ್ಯಾಣದ ಚಾಲುಕ್ಯರ ಸಾಮಂತರು. ಘಟ್ಟದ ಕೆಳಗೆ, ಇದೇ ಕಳಸ-ಕಾರ್ಕಳ ರಾಜ್ಯಕ್ಕೆ ಸೇರಿದ್ದ ತುಳುನಾಡಿನಲ್ಲಿ, ಕೋಟಿ-ಚೆನ್ನಯರ ಗರಡಿಗಳು ಇಂದಿಗೂ ಊರೂರಿನಲ್ಲಿವೆ. ಅಲ್ಲಿ ಗರಡಿ ಎಂಬ ಮಾತು ವ್ಯಾಯಾಮಶಾಲೆಯ ಅರ್ಥದಿಂದ ಆರಾಧನಾಸ್ಥಾನದ ಅರ್ಥಕ್ಕೆ ಸರಿದಿದೆ. ಮೈಸೂರಿನ ಕಡೆ ಗರಡಿಯಲ್ಲಿ ಮಟ್ಟಿಗೆ ಪೂಜೆ ಸಲ್ಲಿಸಿ ಸಾಮು ಮಾಡುತ್ತಾರೆ. ತುಳುನಾಡಿನಲ್ಲಿ ಸಾಮು ಹಿಂದೆ ಸರಿದು ಪೂಜೆ ಉಳಿಯಿತು. ಈ ಸಾಮ್ಯವನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು.

ಇನ್ನು ವಿಜಯನಗರದ ಕಾಲಕ್ಕೆ ಬರೋಣ. 1520ರ ಸುಮಾರಿನಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬಣ್ಣಿಸಿರುವುದು ಪ್ರಸಿದ್ಧವಾಗಿದೆ. ಬೆಳಕು ಹರಿಯುವ ಮುನ್ನ ಅರಸ ಸುಮಾರು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದ; ಅದೇ ಎಣ್ಣೆಯನ್ನು ಮೈಗೆಲ್ಲ ತಿಕ್ಕಿಸಿಕೊಳ್ಳುತ್ತಿದ್ದ; ಸೊಂಟಕ್ಕೆ ಚಿಕ್ಕ ವಸ್ತ್ರ ಬಿಗಿದು ಮಣ್ಣಿನ ದೊಡ್ಡ ಭಾರಗಳನ್ನು ತೋಳುಗಳಿಂದ ಎತ್ತುತ್ತಿದ್ದ; ಬಳಿಕ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಿದ್ದ; ಆಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ; ಅದಾದ ಮೇಲೆ ಹೊತ್ತು ಮೂಡುವವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಇದು ಅರಸನ ಸಾಮು, ಜೆಟ್ಟಿಯದಲ್ಲ ಎಂದು ಆಕ್ಷೇಪಿಸಬಹುದು. ಆದರೆ ಅವನೊಡನೆ ಕುಸ್ತಿಗೆ ನಿಲ್ಲುತ್ತಿದ್ದವನು ಅರಮನೆಯ ಮಲ್ಲ. ಅರಸನಿಗೆ ಸಾಮು ಕಲಿಸಿದವರೂ ಅಂಥವರೇ ಆಗಿರಬೇಕು. ಈ ಕ್ರಮದಲ್ಲಿ ಒಂದು ವಿಶೇಷವಿದೆ. ಕುಸ್ತಿ ಮೊದಲಲ್ಲ; ಭಾರದಿಂದಲೂ ಕತ್ತಿಯಿಂದಲೂ ಮೈ ದಣಿದ ಮೇಲೆ ಕುಸ್ತಿ. ದಣಿದ ಮೈಯಿಂದ ಹೋರಾಡುವುದನ್ನು ಕಲಿಯುವುದೇ ತ್ರಾಣದ ಶಿಕ್ಷಣ. ಈಗಿನ ಮುಷ್ಟಿಯುದ್ಧದ ಶಿಕ್ಷಕರೂ ಎದುರಾಳಿಯೊಡನೆ ಮಾಡುವ ಅಭ್ಯಾಸವನ್ನು ಓಟ ಮತ್ತು ಭಾರಗಳ ಜೊತೆ ಹೊಂದಿಸುವುದು ಇದೇ ತತ್ತ್ವದ ಮೇಲೆ.

ಅದೇ ಪಾಯಸ್ ಮಹಾನವಮಿಯ ಕಾಳಗವನ್ನೂ ಕಂಡ. ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖ ವಿಕಾರವಾಗುವಂತೆ ಹೊಡೆತಗಳು ಬೀಳುತ್ತಿದ್ದುವೆಂದೂ, ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರೆಂದೂ, ಚೆನ್ನಾಗಿ ಎತ್ತಿ ಕೆಡವುವುದೂ ಇತ್ತೆಂದೂ ಹೇಳುತ್ತಾನೆ. ಅವರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಸರಿಸಮಾನರನ್ನು ಜೋಡಿ ಮಾಡುವುದೂ ಗೆದ್ದವನಿಗೆ ಮರ್ಯಾದೆ ಸಲ್ಲುವಂತೆ ನೋಡಿಕೊಳ್ಳುವುದೂ ಅವರ ಕೆಲಸ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೂ ಮಲ್ಲರ ಜೋಡಿಗಳು ಕೆತ್ತಲ್ಪಟ್ಟಿವೆ. ಸುಮಾರು ಹದಿನೈದು ವರ್ಷಗಳ ಅನಂತರ ಬರೆದ ಫೆರ್ನಾವ್ ನೂನಿಜ್, ಹಬ್ಬದಲ್ಲಿ ಅರಸನ ಮುಂದೆ ಹೋರಾಡುವ ಸಾವಿರ ಮಲ್ಲರಿದ್ದರೆಂದೂ, ಅವರು ಪೋರ್ಚುಗೀಸರಂತೆ ಕುಸ್ತಿ ಮಾಡದೆ ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದೂ, ಬೇರೆ ಯಾವ ಊಳಿಗವೂ ಅವರಿಗಿರಲಿಲ್ಲವೆಂದೂ ತಿಳಿಸುತ್ತಾನೆ. ಈ ಎರಡೂ ಬರಹಗಳನ್ನು ಇಂಗ್ಲಿಷಿಗೆ ತಂದು ನಮ್ಮ ಕೈಗೆ ಕೊಟ್ಟದ್ದು ಸಿವೆಲ್ಲರ 1900ರ ಗ್ರಂಥ.

ನೂನಿಜನ ಒಂದು ಮಾತು ಅತ್ಯಂತ ವಿಚಿತ್ರವಾಗಿದೆ. ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನಂತೆ. ಗೆದ್ದವನಿಗಲ್ಲ, ಗಾಯಗೊಂಡವನಿಗೆ! ವಿದೇಶೀಯನೊಬ್ಬ ದೂರದಿಂದ ನೋಡಿ ತಪ್ಪಾಗಿ ತಿಳಿದನೆಂದು ಇದನ್ನು ತಳ್ಳಿಹಾಕುವುದು ಸುಲಭ. ಸೋತವನ ಸಮಾಧಾನಕ್ಕಾಗಿ ಕೊಟ್ಟ ಉಡುಗೊರೆಯನ್ನು ಅವನು ಪ್ರಧಾನ ಬಹುಮಾನವೆಂದು ಭ್ರಮಿಸಿರಬಹುದು. ಗೆದ್ದವನಿಗೆ ಮರ್ಯಾದೆ ಸಲ್ಲುತ್ತಿತ್ತೆಂದು ಪಾಯಸ್ ಸ್ಪಷ್ಟವಾಗಿ ಹೇಳುತ್ತಾನೆ. ಹಾಗಿದ್ದರೂ ಈ ಮಾತನ್ನು ಪೂರ್ತಿ ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ಗಾಯಕ್ಕೆ ಅರಸನ ಕೈಯಿಂದ ರೇಷ್ಮೆ ಸಿಗುವ ಕಣದಲ್ಲಿ ಪೆಟ್ಟು ತಪ್ಪಿಸಿಕೊಳ್ಳುವ ಜಾಣ್ಮೆಗೆ ಎಷ್ಟು ಬೆಲೆ ಬಂದೀತು? ಪೆಟ್ಟು ತಾಳುವುದೇ ಅಲ್ಲಿ ಹೆಚ್ಚಿನ ಗುಣವಾಗುತ್ತದೆ. ನೋಡುವವರು ಮೆಚ್ಚುವುದನ್ನು ಕಲೆ ಬೆಳೆಸಿಕೊಳ್ಳುತ್ತದೆ. ಮುಷ್ಟಿಮಲ್ಲರ ಶಿಕ್ಷಣದಲ್ಲಿ ರಕ್ಷಣೆಯ ಅಂಗ ಏಕೆ ದುರ್ಬಲವಾಗಿ ಉಳಿಯಿತೆಂಬುದಕ್ಕೆ ಕುಸ್ತಿಯ ಮೂಲ ಒಂದು ಕಾರಣವಾದರೆ, ಗಾಯವನ್ನು ಗೌರವಿಸಿದ ಸಭೆ ಇನ್ನೊಂದು ಕಾರಣ.

ಮಹಾನವಮಿಯ ಈ ಪರಂಪರೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯನ್ನು ಆರಂಭಿಸಿದಾಗ ಮೈಸೂರಿನ ಅರಸರಿಗೆ ಬಂದಿತು. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಉತ್ಸವವನ್ನು ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ವಿಸ್ತಾರವಾಗಿ ವರ್ಣಿಸುತ್ತದೆ. ಕಂಠೀರವರು ಪಟ್ಟಕ್ಕೆ ಬರುವ ಮುನ್ನ ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿ ಎಲ್ಲರಿಗೂ ಸವಾಲು ಹಾಕಿದ್ದ ಜೆಟ್ಟಿಯೊಬ್ಬನನ್ನು ಸೋಲಿಸಿದರೆಂಬ ಕಥೆ ಮೈಸೂರಿನ ಮಕ್ಕಳಿಗೂ ಗೊತ್ತು. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಊರಿಂದೂರಿಗೆ ಹೋಗಿ ಸವಾಲು ಹಾಕುವ ಮಲ್ಲರ ಪದ್ಧತಿಯ ನೆನಪು ಅದರಲ್ಲಿದೆ. ಪರಸ್ಥಳದ ಮಲ್ಲನ ಎದುರು ಹೋರಾಡದ ಜೆಟ್ಟಿಯ ಕಲೆ ತನ್ನ ಗರಡಿಯ ಗೋಡೆಯೊಳಗೇ ಉಳಿಯುತ್ತದೆ.

ಟಿಪ್ಪುವಿನ ಕಾಲದಲ್ಲಿ ಜೆಟ್ಟಿಗಳಿಂದ ಕತ್ತು ತಿರುಚಿಸಿ ಶಿಕ್ಷೆ ಕೊಡಿಸುತ್ತಿದ್ದರೆಂದು ಅಂದಿನ ಇಂಗ್ಲಿಷರ ಬರಹಗಳು ಹೇಳುತ್ತವೆ. ಅವು ವೈರಿಗಳ ಬರಹಗಳೆಂಬುದನ್ನು ಮರೆಯದೆ ಓದಬೇಕು. ನಮ್ಮ ವಿಷಯಕ್ಕೆ ಅದರಿಂದ ಹೆಚ್ಚಿನ ಸಹಾಯವಿಲ್ಲ.

ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಮಾರ್ಕ್ ವಿಲ್ಕ್ಸನದು. 1799ರ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದು, 1810ರಿಂದ ತನ್ನ ಇತಿಹಾಸವನ್ನು ಪ್ರಕಟಿಸಿದ ಈತ ಕಾಳಗವನ್ನು ಕಣ್ಣಾರೆ ಕಂಡವನಂತೆ, ಅದಕ್ಕಿಂತ ಹೆಚ್ಚಾಗಿ ಆಯುಧವನ್ನು ಕೈಯಲ್ಲಿ ಹಿಡಿದು ನೋಡಿದವನಂತೆ ಬರೆದಿದ್ದಾನೆ. ಜೆಟ್ಟಿಗಳು ಹಸುಗೂಸಿನಿಂದಲೇ ದಿನದಿನದ ಸಾಮಿನಿಂದ ಬೆಳೆದ ಪ್ರತ್ಯೇಕ ಜಾತಿ. ಅವರಷ್ಟು ಸುಂದರವಾದ ಮೈಕಟ್ಟು ಲೋಕದಲ್ಲಿ ಬೇರೆಲ್ಲಿಯೂ ಇರಲಾರದು ಎಂಬ ಅಭಿಪ್ರಾಯ ಅವನದು. ತೊಡೆಯ ಅರ್ಧದವರೆಗಿನ ಕಿತ್ತಳೆ ಬಣ್ಣದ ಚಲ್ಲಣ, ಕೊರಳಿಗೆ ಹೂವಿನ ಹಾರ. ಗುರುಗಳು ಮೊದಲೇ ಹೊಂದಿಸಿದ ಜೋಡಿಗಳನ್ನು ಕಣಕ್ಕೆ ತಂದು, ಹೆಸರನ್ನೂ ಊರನ್ನೂ ಸಾರುತ್ತಿದ್ದರು. ಸಿಂಹಾಸನದ ಮೇಲಿದ್ದ ಅರಸನಿಗೆ ಮೊದಲು, ಜಾಲಂದ್ರದ ಹಿಂದಿದ್ದ ಅರಮನೆಯ ಹೆಂಗಸರಿಗೆ ಅನಂತರ ನಮಸ್ಕರಿಸಿ, ಹಾರವನ್ನು ತೆಗೆದು ಹೂಗಳನ್ನು ಕಣದಲ್ಲಿ ಚೆಲ್ಲಿ, ಅವರು ಕಾಳಗಕ್ಕೆ ತೊಡಗುತ್ತಿದ್ದರು. ಕಾಳಗ ಕುಸ್ತಿ ಮತ್ತು ಮುಷ್ಟಿಯುದ್ಧಗಳ ಬೆರಕೆ. ಹೊಡೆಯಲು ಅನುಮತಿಯಿದ್ದುದು ತಲೆಯೊಂದಕ್ಕೇ.

ಆಯುಧದ ವರ್ಣನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಎಮ್ಮೆಯ ಕೊಂಬಿನದು. ಬೆರಳ ಗೆಣ್ಣುಗಳಿಗೆ ಸರಿಯಾಗಿ ನಾಲ್ಕು ಚೂಪಾದ ಮೊನೆಗಳು. ಕಿರುಬೆರಳಿನ ಕಡೆಯ ತುದಿಯಲ್ಲಿ ಇವಕ್ಕೆ ಲಂಬವಾಗಿ, ಇವಕ್ಕಿಂತ ಉದ್ದವಾದ ಐದನೆಯ ಮೊನೆ. ಸರಿಯಾಗಿ ಕೂರಿಸಿದರೆ ಸಾಮಾನ್ಯ ಬಲದವನೂ ಒಂದೇ ಏಟಿಗೆ ಎದುರಾಳಿಯ ತಲೆಯನ್ನು ಸೀಳಬಹುದು. ಆದರೆ ಅದನ್ನು ಹಾಗೆ ಕೂರಿಸುತ್ತಿರಲಿಲ್ಲ. ಬೆರಳುಗಳನ್ನು ಅದರೊಳಗೆ ತೂರಿಸಿ, ಕೆಳಗಣ ಮೊದಲ ಮತ್ತು ಎರಡನೆಯ ಕೀಲುಗಳ ನಟ್ಟನಡುವೆ ಅಡ್ಡಲಾಗಿ ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಕೈಯಿಂದ ಜೋರಾದ ಏಟು ಹಾಕಹೊರಟರೆ ಹೊಡೆದವನ ಎಲ್ಲ ಬೆರಳುಗಳ ಕೀಲುಗಳೂ ತಪ್ಪಬಹುದು. ಈ ಕಾಳಗವನ್ನು ಕ್ರೂರವೆಂದು ಕರೆದವನೂ ವಿಲ್ಕ್ಸನೇ. ಅದರ ಕ್ರೌರ್ಯಕ್ಕೆ ಕಡಿವಾಣ ಎಲ್ಲಿತ್ತೆಂದು ತೋರಿಸಿಕೊಟ್ಟವನೂ ಅವನೇ. ಆಯುಧವನ್ನು ರೂಪಿಸಿದವರು ಕೊಲ್ಲುವ ಶಕ್ತಿಯನ್ನು ಅದಕ್ಕೆ ಕೊಟ್ಟು, ಕಟ್ಟುವ ಕ್ರಮದಿಂದ ಅದನ್ನು ಹಿಂತೆಗೆದುಕೊಂಡರು. ರೋಮನರ ಕೈಪಟ್ಟಿಗೆ ಇದನ್ನು ಹೋಲಿಸುವ ವಿಲ್ಕ್ಸ್ ತಾನೇ, ಇದು ಅದಲ್ಲ, ಬೇರೆ ಹೆಸರು ಸಿಗದೆ ಹೀಗೆ ಕರೆದೆ ಎನ್ನುತ್ತಾನೆ. ಆ ಎಚ್ಚರಿಕೆ ಮೆಚ್ಚತಕ್ಕದ್ದು.

ಈಗ ಕಲೆಯ ಕೊರತೆಗಳನ್ನು ವಿಚಾರಿಸಬಹುದು. ಇವು ಆಯುಧದ ಕಟ್ಟು ಮತ್ತು ನಿಯಮಗಳಿಂದ ನಾನು ತರ್ಕಿಸಿದುವು. ಗರಡಿಯ ಗುರುಗಳು ಒಪ್ಪದಿದ್ದರೆ ಅವರ ಮಾತೇ ಹೆಚ್ಚಿನದು.

ನೇರವಾದ ಮುಷ್ಟಿಪ್ರಹಾರ ಜೆಟ್ಟಿಗೆ ಸಾಧ್ಯವಿಲ್ಲ. ಭುಜದಿಂದ ಹೊರಟು ಗೆಣ್ಣಿನಲ್ಲಿ ಮುಗಿಯುವ ನೇರ ಏಟೇ ಇಂದಿನ ಮುಷ್ಟಿಯುದ್ಧದ ಅಕ್ಷರಾಭ್ಯಾಸ. ಬೆರಳ ಕೀಲುಗಳ ಭಯದಿಂದ ಜೆಟ್ಟಿ ಅದನ್ನು ಬಿಡಲೇಬೇಕು. ಅವನಿಗೆ ಉಳಿಯುವುದು ಗೀರುವ ಏಟು, ಮತ್ತು ಕೈ ಎತ್ತಿ ಮೇಲಿಂದ ಕೆಳಕ್ಕೆ ಕುಟ್ಟುವ ಏಟು. ಕಿರುಬೆರಳ ಕಡೆಯ ಉದ್ದನೆಯ ಮೊನೆ ಈ ಎರಡನೆಯದಕ್ಕಾಗಿಯೇ ಇದ್ದಂತೆ ತೋರುತ್ತದೆ. ಆದರೆ ಮೇಲಿಂದ ಕುಟ್ಟಲು ತೋಳೆತ್ತಿದವನ ಕಂಕುಳೂ ಪಕ್ಕೆಯೂ ಪೂರ್ತಿ ಬಯಲಾಗುತ್ತವೆ. ಬೇರೆ ದೇಶದ ಮುಷ್ಟಿಮಲ್ಲ ಎದುರಿಗಿದ್ದರೆ ಅಲ್ಲಿಗೆ ಒಂದು ಗುದ್ದು ಬಿದ್ದು ಉಸಿರು ನಿಂತುಹೋಗುತ್ತಿತ್ತು. ತಲೆಗಲ್ಲದೆ ಬೇರೆಡೆಗೆ ಹೊಡೆಯಬಾರದೆಂಬ ನಿಯಮ ಈ ದೋಷವನ್ನು ಮರೆಮಾಡಿತು. ಶಿಕ್ಷೆಯಿಲ್ಲದ ತಪ್ಪನ್ನು ಯಾವ ಶಿಷ್ಯನೂ ತಿದ್ದಿಕೊಳ್ಳುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಅದೇ ಪದ್ಧತಿಯಾಗಿ ಬರುತ್ತದೆ. ಎತ್ತಿದ ತೋಳಿಗೆ ಇದ್ದ ಒಂದೇ ಅಪಾಯ, ಎದುರಾಳಿಯ ಎಡಗೈ ಬಂದು ಮಣಿಕಟ್ಟನ್ನು ಹಿಡಿಯುವುದು. ಹಾಗೆ ಹಿಡಿದೊಡನೆ ಕಾಳಗ ಕುಸ್ತಿಯಾಗುತ್ತದೆ. ವಿಲ್ಕ್ಸ್ ಬೆರಕೆ ಎಂದದ್ದು ಇದನ್ನೇ. ಜೆಟ್ಟಿ ತನ್ನ ಬಾಲ್ಯದ ವಿದ್ಯೆಗೆ, ಅಂದರೆ ಹಿಡಿತಕ್ಕೆ, ಮರಳುತ್ತಾನೆ. ಕಾಲ್ಚಳಕದಿಂದ ಹಿಂದೆ ಸರಿಯುವ ಅಭ್ಯಾಸ ಬೆಳೆಯುವುದಿಲ್ಲ.

ಆಯುಧ ಬಲಗೈಗೆ ಮಾತ್ರ ಇದ್ದುದೂ ಒಂದು ಮಿತಿಯೇ. ಎಡಗೈ ಹಿಡಿಯುವ ಕೈ, ಬಲಗೈ ಹೊಡೆಯುವ ಕೈ ಎಂಬ ವಿಂಗಡಣೆ ಗಟ್ಟಿಯಾದಾಗ ಎದುರಾಳಿಗೆ ಪೆಟ್ಟು ಯಾವ ಕಡೆಯಿಂದ ಬರುವುದೆಂದು ಮೊದಲೇ ಗೊತ್ತು. ನೂನಿಜ್ ಎರಡು ಬಳೆಗಳ ಮಾತನ್ನೆತ್ತುತ್ತಾನೆ. ವಿಲ್ಕ್ಸನ ಕಾಲಕ್ಕೆ ಒಂದೇ. ಪಾಯಸನ ಕಾಲದಲ್ಲಿ ಹಲ್ಲು ಕಣ್ಣುಗಳಿಗೂ ಪೆಟ್ಟು. ಮೈಸೂರಿನಲ್ಲಿ ನೆತ್ತಿಯಿಂದ ರಕ್ತ. ಮುನ್ನೂರು ವರ್ಷಗಳಲ್ಲಿ ಕಾಳಗ ಸೌಮ್ಯವಾಗುತ್ತ, ಅದರೊಡನೆ ಕಿರಿದಾಗುತ್ತ ಬಂದಿತೆಂದು ಇದರಿಂದ ಊಹಿಸಬಹುದು. ಮನುಷ್ಯರಾದವರು ಮೊದಲನೆಯದನ್ನು ಸ್ವಾಗತಿಸಬೇಕು.

ತ್ರಾಣದ ವಿಷಯ ಬೇರೆ. ಇದರಲ್ಲಿ ಜೆಟ್ಟಿಗಳ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಇಂದಿನ ಮುಷ್ಟಿಯುದ್ಧದಲ್ಲಿ 1867ರ ಕ್ವೀನ್ಸ್‌ಬರಿ ನಿಯಮಗಳ ಪ್ರಕಾರ ಮೂರು ನಿಮಿಷಕ್ಕೊಂದು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ. ಜೆಟ್ಟಿಗಳಿಗೆ ಸುತ್ತುಗಳಿರಲಿಲ್ಲ, ವಿರಾಮವಿರಲಿಲ್ಲ. ಗೆಲುವು ಸ್ಪಷ್ಟವಾದಾಗ, ಇಲ್ಲವೆ ಕಾಳಗ ಅತಿರೇಕಕ್ಕೆ ಹೋದಾಗ ಅರಸನ ಬಳಿಯ ಮಧ್ಯಸ್ಥರು ರುಮಾಲು ವಸ್ತ್ರಗಳನ್ನು ಕಣಕ್ಕೆ ಎಸೆದು ನಿಲ್ಲಿಸುತ್ತಿದ್ದರು. ಅಲ್ಲಿಯವರೆಗೆ ಹೋರಾಟ ಅಖಂಡ. ಹಿಡಿತದಲ್ಲಿ ಸಿಕ್ಕಿಕೊಂಡ ಸ್ನಾಯು ಸಡಿಲುವುದೇ ಇಲ್ಲವಾದ್ದರಿಂದ ಅದು ಓಡುವವನ ದಣಿವಿಗಿಂತ ಕಠಿಣವಾದ ದಣಿವು. ಅದರ ಮೇಲೆ ರಕ್ತಸ್ರಾವ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೇರಳ. ಚಿಕ್ಕ ಗಾಯವೂ ಬಹಳ ಸುರಿಯುತ್ತದೆ. ಇಬ್ಬರ ಮೈಮೇಲೂ ನೆತ್ತಿಯಿಂದ ಕಣದ ಮರಳಿನವರೆಗ ರಕ್ತ ಇಳಿಯುವುದನ್ನು ವಿಲ್ಕ್ಸ್ ಕಂಡಿದ್ದಾನೆ. ಹಣೆಯಿಂದ ಇಳಿದ ರಕ್ತ ಕಣ್ಣಿಗೆ ಹೋದಾಗ ಉಸಿರಿರುವವನೂ ಕುರುಡನಾಗುತ್ತಾನೆ. ಇಷ್ಟೆಲ್ಲ ಆದ ಮೇಲೆ ಗೆದ್ದವನು ನಾಲ್ಕೈದು ಲಾಗ ಹಾಕುತ್ತ ಕಣದಿಂದ ಹೊರಕ್ಕೆ ಹೋಗುತ್ತಿದ್ದ. ತಾನಿನ್ನೂ ದಣಿದಿಲ್ಲವೆಂದು ತೋರಿಸುವುದು ಅದರ ಉದ್ದೇಶ. ಲಾಗ ಹಾಕುವುದು ಬರಿಯ ಜಂಭವೆಂದು ನನಗೆ ತೋರುವುದಿಲ್ಲ. ಅದು ಗುರುವಿಗೆ ಒಪ್ಪಿಸುವ ಲೆಕ್ಕ. ಭ್ರಮಣಶ್ರಮವೂ ಸೋಪಾನಾರೋಹಣವೂ ವ್ಯರ್ಥವಾಗಿಲ್ಲವೆಂದು ಸಭೆಯ ಮುಂದೆ ತೋರಿಸಿಕೊಡುವ ಕ್ರಮ.

ಈ ತ್ರಾಣ ಬಿಟ್ಟಿಯಾಗಿ ಬರುವುದಲ್ಲ. ಹಾಲು, ತುಪ್ಪ, ಮಾಂಸ, ಬೇಳೆ ಮತ್ತು ಬೇರೆ ಕೆಲಸವಿಲ್ಲದ ದಿನಗಳು ಬೇಕು. ಸೋಮೇಶ್ವರ ಅವನ್ನು ಅರಸನ ಕರ್ತವ್ಯವೆಂದು ಬರೆದ. ನೂನಿಜ್ ಬೇರೆ ಊಳಿಗವಿಲ್ಲದ ಮಲ್ಲರನ್ನು ಕಂಡ. ವಿಲ್ಕ್ಸನ ಕಾಲದಲ್ಲಿ ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದು, ಗೆಲುವಿಗೆ ಬಹುಮಾನ ಮೇಲಿನ ದರ್ಜೆಗೆ ಬಡ್ತಿಯೇ ಆಗಿತ್ತು. ಮೊದಲ ದರ್ಜೆಯವರಿಗೆ ಪ್ರತ್ಯೇಕ ಬಹುಮಾನಗಳು, ಮುಪ್ಪಿನಲ್ಲಿ ಗುರುಪದವಿ. ಇದು ಒಂದು ಪೂರ್ಣವಾದ ವೃತ್ತಿಜೀವನ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಾಕಿದ ಮಲ್ಲನಿಗೆ ಬೇರೆ ದಾರಿಯಿರಲಿಲ್ಲ. ಅವನ ಮಗನಿಗೂ ಇರಲಿಲ್ಲ. ಅಂತಃಪುರದಿಂದ ದೂರವಿಟ್ಟು ಬೆಳೆಸಬೇಕೆಂಬ ಮಾನಸೋಲ್ಲಾಸದ ಮಾತಿನಲ್ಲಿ ಮಲ್ಲನ ಬಗ್ಗೆ ಇರುವ ಕಾಳಜಿಗಿಂತ ಅರಸನ ಸ್ವತ್ತಿನ ಬಗ್ಗೆ ಇರುವ ಎಚ್ಚರಿಕೆಯೇ ಹೆಚ್ಚೆಂದು ನನಗೆ ಕಾಣುತ್ತದೆ. ಸೋಮೇಶ್ವರ ಈ ವಿಷಯವನ್ನು ವಿನೋದಗಳ ನಡುವೆ ಇಟ್ಟನಲ್ಲವೆ? ವಿನೋದ ಅರಸನದು. ಜೆಟ್ಟಿಯದಲ್ಲ.

ಆದಕಾರಣ ಅರಮನೆಯ ಆಶ್ರಯ ಕುಗ್ಗಿದಂತೆಲ್ಲ ಮೊದಲು ಕುಗ್ಗಿದ್ದು ತ್ರಾಣ. ಆಯುಧ ಉಳಿಯಿತು, ಬೋಳುತಲೆ ಉಳಿಯಿತು, ಅಂಗಸಾಧನೆ ಗರಡಿಗಳಲ್ಲಿ ತಕ್ಕಮಟ್ಟಿಗೆ ಉಳಿಯಿತು. 1950ರ ಹೊತ್ತಿಗೆ ಸಂಸ್ಥಾನ ಗಣರಾಜ್ಯದಲ್ಲಿ ಸೇರಿಹೋಗಿ, 1971ರಲ್ಲಿ ರಾಜಧನವೂ ರದ್ದಾದ ಮೇಲೆ ಕಾಳಗ ಅರಮನೆಯವರ ಖಾಸಗಿ ನವರಾತ್ರಿಯ ಒಂದು ವಿಧಿಯಾಗಿ ಮುಂದುವರಿಯಿತು. ಮೊದಲ ರಕ್ತಬಿಂದುವಿಗೇ ನಿಲ್ಲುವ ಕಾಳಗದಲ್ಲಿ ಉಸಿರಿನ ಪರೀಕ್ಷೆಗೆ ಅವಕಾಶವೇ ಇಲ್ಲ. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ತಿಳಿಯುತ್ತೇನೆ: ಆ ಸಾಮು ಈ ಒಂದು ನಿಮಿಷಕ್ಕಾಗಿ ಹುಟ್ಟಿದ್ದಲ್ಲ. ಬಹು ಹೊತ್ತಿನ, ವಿರಾಮವಿಲ್ಲದ ಕಾಳಗಕ್ಕಾಗಿ ಹುಟ್ಟಿದ ಸಾಮು ತನ್ನ ಕಾಳಗವನ್ನು ಕಳೆದುಕೊಂಡು ಉಳಿದಿದೆ. ಇಂದು ವಿಧಿಗಾಗಿ ಕಣಕ್ಕಿಳಿಯುವ ತರುಣರು ಬೇರೆ ಬೇರೆ ಉದ್ಯೋಗಗಳಲ್ಲಿದ್ದುಕೊಂಡು, ಹಬ್ಬಕ್ಕೆ ಮುಂಚೆ ಗರಡಿಯಲ್ಲಿ ಪಳಗಿ ಬರುವವರು. ಅವರನ್ನು ವಿಲ್ಕ್ಸನ ಜೆಟ್ಟಿಗಳೊಡನೆ ಹೋಲಿಸಿ ಕುಂದೆಣಿಸುವುದು ನ್ಯಾಯವಲ್ಲ.

ಜೆಟ್ಟಿಗಳ ಮನೆಗಳಲ್ಲಿ ಸಾಮಿನೊಡನೆ ಬಂದ ಬೇರೆ ವಿದ್ಯೆಗಳೂ ಇದ್ದುವು. ಮೈಸೂರಿನ ಅಭಿನಯಪರಂಪರೆಯ ಪ್ರಸಿದ್ಧ ಕಲಾವಿದೆ ಜಟ್ಟಿ ತಾಯಮ್ಮನವರು (1857–1947) ಅರಮನೆಯ ಜೆಟ್ಟಿ ಮನೆತನದವರು. ಆ ಹೆಸರೇ ಅದನ್ನು ಹೇಳುತ್ತದೆ. ತಪ್ಪಿದ ಕೀಲುಗಳನ್ನು ಕೂರಿಸುವುದರಲ್ಲಿ ಜೆಟ್ಟಿಗಳು ನಿಪುಣರೆಂದು ಥರ್ಸ್ಟನ್ ತನ್ನ 1909ರ ಗ್ರಂಥದಲ್ಲಿ ಬರೆದಿದ್ದಾನೆ. ಅದನ್ನು ಅವನು ಒಂದು ಬಿಡಿ ಸಂಗತಿಯಾಗಿ ಕಾಣಿಸಿದ. ಬೆರಳ ಕೀಲುಗಳ ನಡುವೆ ಕೊಂಬಿನ ಮೊನೆ ಕಟ್ಟಿಕೊಂಡು ದಿನವೂ ಸಾಮು ಮಾಡಿದ ಮನೆಗಳಲ್ಲಿ ಆ ವೈದ್ಯ ಎಲ್ಲಿಂದ ಬಂತೆಂದು ಕೇಳಿದ್ದರೆ ಸಾಕಾಗಿತ್ತು.